ಕೇತಪ್ಪನ ಅಂಗೈಗೆ ಉರಿಯದ ಕೋಲು

ನಾನು ಒಂದು ಬಿದಿರು ಕೋಲು. ನನ್ನ ಪಾಡಿಗೆ ಬಿಟ್ಟಿದ್ದರೆ ಬುಟ್ಟಿಯೋ ಹೆಡಿಗೆಯೋ ಆಗಿ ಯಾರದೋ ಮನೆಯ ಕಾಳು ಹೊತ್ತಿರುತ್ತಿದ್ದೆ. ನನ್ನನ್ನು ಸೀಳಿದವನು ಬಯಲುಸೀಮೆಯ ಒಂದು ಊರಿನ ಮೇದರ ಕೇತಪ್ಪ. ಮಗಳು ಸಣ್ಣೀರಿಯನ್ನು ಶಾಲೆಗೆ ಸೇರಿಸುವ ಹಿಂದಿನ ದಿನ, ಬುಟ್ಟಿಯ ಕೆಲಸ ಬದಿಗಿಟ್ಟು ನನ್ನನ್ನು ಮಾಡಲು ಕೂತ.

ಆ ಊರಿನಲ್ಲಿ ಆಗ ಅದೊಂದು ಪದ್ಧತಿ. ಮಗುವನ್ನು ಸೇರಿಸುವ ತಂದೆ ಮೇಷ್ಟ್ರಿಗೆ ಎಲೆಅಡಿಕೆಯ ಜೊತೆ ಒಂದು ಕೋಲನ್ನೂ ಕೊಡಬೇಕು. ಬೇರೆಯವರು ದಾರಿಯಲ್ಲಿ ಸಿಕ್ಕ ಹುಣಸೆ ಮರದ ಬರಲು ಕಡ್ಡಿ ಮುರಿದು ತರುತ್ತಿದ್ದರು. ಕೇತಪ್ಪನಿಗೆ ಅದು ಸರಿಕಾಣಲಿಲ್ಲ. ಕೂಸಿನ ಕೈಗೆ ಸಿಬಿರು ಚುಚ್ಚಬಾರದೆಂದು ಗೆಣ್ಣು ಹೆರೆದ, ಎಣ್ಣೆ ಸವರಿದ, ಬಳ್ಳಿಯಂತೆ ಬಾಗುವಷ್ಟು ತೆಳ್ಳಗೆ ಮಾಡಿದ. ಬಾಗುವ ಬಿದಿರು ನೋಯಿಸುವುದಿಲ್ಲ ಎಂಬುದು ಅವನ ನಂಬಿಕೆ. ಕೊನೆಗೆ ತನ್ನ ಅಂಗೈಗೇ ಹೊಡೆದು ನೋಡಿಕೊಂಡ.

"ಏನೂ ಉರಿಯಾಕಿಲ್ಲ ಕಣೇ," ಅಂದ ಹೆಂಡತಿಗೆ.

ಬಿದಿರು ಸೀಳಿ ಸೀಳಿ ಆ ಅಂಗೈ ಎಮ್ಮೆಯ ಚರ್ಮದಂತಾಗಿತ್ತು. ಅದು ಅವನಿಗೆ ಹೊಳೆಯಲೇ ಇಲ್ಲ.

ರುದ್ರಮುನಿ ಮೇಷ್ಟ್ರ ಕೈಗೆ ನನ್ನನ್ನಿಟ್ಟು, "ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ನಿಮ್ದೇ ಸಾಮಿ. ನನ್ ಕೂಸು ನಾಕಕ್ಷರ ಕಲೀಲಿ," ಅಂದ. ಸಣ್ಣೀರಿ ಅವನ ಪಂಚೆ ಹಿಡಿದು ನಗುತ್ತಿದ್ದಳು.

ಮೇಷ್ಟ್ರು ಕೆಟ್ಟವರಲ್ಲ. ಹೊಡೆಯದಿದ್ದರೆ ವಿದ್ಯೆ ಹತ್ತದು ಎಂದು ಅವರ ಮೇಷ್ಟ್ರು ಅವರಿಗೆ ಕಲಿಸಿದ್ದರು, ಅಷ್ಟೇ. ಹುಣಸೆ ಬರಲುಗಳು ಮುರಿಯುತ್ತಿದ್ದವು. ನಾನು ಮುರಿಯಲಿಲ್ಲ. ಮಗ್ಗಿ ತಪ್ಪಿದವರಿಗೆ, ತಡವಾಗಿ ಬಂದವರಿಗೆ, ಗುಸುಗುಸು ಅಂದವರಿಗೆ, ಎಲ್ಲರಿಗೂ ನಾನೇ. ಬಾಸುಂಡೆ ಎದ್ದ ಕೈಯನ್ನು ಉಫ್ ಉಫ್ ಎಂದು ಊದಿಕೊಳ್ಳುತ್ತ ಹುಡುಗರು ಸಣ್ಣೀರಿಯ ಕಡೆ ತಿರುಗುತ್ತಿದ್ದರು.

"ಏನೇ, ನಿಮ್ಮಪ್ಪಂಗೆ ಬುಟ್ಟಿ ಹೆಣೆದಿದ್ದು ಸಾಲ್ದೇನೇ? ನಮ್ ಕೈ ಮ್ಯಾಲೂ ಹೆಣೀಬೇಕಾ?"

ಅವಳ ಪಕ್ಕ ಯಾರೂ ಕೂರದಾದರು. ನಗು ನಿಂತಿತು. ಕಲಿಯುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ. ಮೂಲೆಯಲ್ಲಿ ಒಬ್ಬಳೇ ಕೂತು ಮಗ್ಗಿ ಹೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನನ್ನನ್ನು ಲಂಗದ ಮರೆಯಲ್ಲಿ ಒಯ್ದು, ಶಾಲೆಯ ಹಿಂದಿನ ಕತ್ತಾಳೆ ಮೆಳೆಯೊಳಗೆ ತುರುಕಿದಳು. ಮೇಷ್ಟ್ರು ಹುಡುಕಿ ತೆಗೆದರು.

"ಯಾರು ಅಂತ ಒಪ್ಕೊಳ್ಳದಿದ್ರೆ ಎಲ್ಲರಿಗೂ ಬೀಳುತ್ತೆ."

ಸಣ್ಣೀರಿ ಎದ್ದು ನಿಂತಳು.

"ನೀನಾ? ನಿಮ್ಮಪ್ಪ ಕೊಟ್ಟ ಕೋಲನ್ನ?"

"ಹೂಂ ಸಾ." ಕೈ ಚಾಚಿದಳು.

ನಾನು ಕಂಡ ಅಂಗೈಗಳಲ್ಲೆಲ್ಲ ಅದೇ ಮೆತ್ತಗಿತ್ತು. ಬೀಳಬಾರದೆಂದು ಬಾಗಿದೆ. ಬಾಗಿದ್ದಕ್ಕೇ ಇನ್ನೂ ಜೋರಾಗಿ ಬಿದ್ದೆ.

ಮರುದಿನ ಅವಳು ಬರಲಿಲ್ಲ. ಕೇತಪ್ಪ ಬಂದ. ಜಗಳವಾಡಲಿಲ್ಲ. ನನ್ನನ್ನು ಎತ್ತಿಕೊಂಡು, ತನ್ನ ತೋಳಿನ ಒಳಮೈಯ ಮೆದು ಜಾಗಕ್ಕೆ ಒಂದು ಏಟು ಹಾಕಿಕೊಂಡ. ಎದ್ದ ಕೆಂಪು ಗೆರೆಯನ್ನೇ ತುಂಬ ಹೊತ್ತು ನೋಡಿದ.

"ಗೊತ್ತಾಗ್ಲಿಲ್ಲ ಸಾಮಿ. ನನ್ ಕೈ ನೋಡಿ ಮಾಡ್ಬಿಟ್ಟೆ."

ಮೇಷ್ಟ್ರು ತಲೆ ತಗ್ಗಿಸಿದರು. "ಅವಳನ್ನ ಕಳಿಸಪ್ಪ. ಇನ್ಮೇಲೆ ನಾನು ಕೋಲು ಹಿಡಿಯಲ್ಲ," ಅಂದರು. ಮತ್ತೆ ಹಿಡಿಯಲೂ ಇಲ್ಲ. ಮನೆಯ ತನಕ ಬಂದು ಕರೆದರು. ಸಣ್ಣೀರಿ ತಬ್ಬಿದ ಕಂಬ ಬಿಡಲಿಲ್ಲ. ಆಮೇಲೆ ಅವ್ವನ ಪಕ್ಕ ಕೂತು ಬಿದಿರು ಸೀಳುವುದನ್ನು ಕಲಿತಳು.

ಕೇತಪ್ಪ ನನ್ನನ್ನು ಒಲೆಯ ತನಕ ಒಯ್ದ. ಸುಡಲು ಮನಸ್ಸು ಬರಲಿಲ್ಲವೇನೋ, ಒಂದು ಮೊರದ ಅಂಚಿಗೆ ಬಾಗಿಸಿ ಕಟ್ಟಿದ. ಕಾಳು ಕೇರುವಾಗ ಕಂಡ ನೆಮ್ಮದಿಯನ್ನು ನಾನು ಶಾಲೆಯಲ್ಲಿ ಕಂಡಿರಲಿಲ್ಲ.

ಈಗ ಕೇತಪ್ಪ ಇಲ್ಲ. ಮೊರವೂ ಹರಿದು ಸಣ್ಣೀರಿಯ ಮನೆಯ ಅಟ್ಟ ಸೇರಿದೆ. ಆಗಾಗ ಅವಳು ಇಳಿಸಿ, ಧೂಳು ಕೊಡವಿ, ಅಂಚನ್ನು ಸವರುತ್ತಾಳೆ. ಅರ್ಧಕ್ಕೆ ನಿಂತ ಆ ಮಗ್ಗಿ ತುಟಿಯ ಮೇಲೆ ಬಂದು ಅಲ್ಲೇ ನಿಲ್ಲುತ್ತದೆ. ಅವಳ ಅಂಗೈ ಈಗ ಥೇಟ್ ಅಪ್ಪನ ಅಂಗೈ. ನಾನು ಬಿದ್ದರೂ ಅದಕ್ಕೆ ಏನೂ ಉರಿಯುವುದಿಲ್ಲ.