ಓಲುಲ್ಲೆ, ರೂಟ್ಸ್ ವರ್ಶನ್

ಮೈಕಿನ ಮುಂದೆ ಬಿಗಿದಿರುವ ಆ ಕರಿ ಜಾಲರಿ ನಮ್ಮ ಹೋಟೆಲಿನಲ್ಲಿ ಚಹಾ ಸೋಸುತ್ತಿದ್ದ ಬಟ್ಟೆಯ ಹಾಗೇ ಇದೆ, ದುಂಡಗೆ, ಬಳೆಗೆ ಹೊಲಿದಂತೆ, ಉಗುಳು ಸಿಡಿಯದಿರಲಿ ಎಂದು ಇಡುವುದಂತೆ, ಹಾಡುವಾಗ ಎಲ್ಲರೂ ಉಗುಳುತ್ತಾರೆ ಆಂಟಿ ಎಂದ ಕೌಶಲ್ — ಹೌದಪ್ಪ, ನನ್ನ ಮಗಳೂ ಉಗುಳುತ್ತಾಳೆ, ದೇಶ ಮುಖ ಒರೆಸಿಕೊಂಡು ಕುಣಿಯುತ್ತದೆ. ಈ ಕೌಶಲ್ ಅವಳ ಹಾಡುಗಳಿಗೆ ಸಂಗೀತ ಕೂಡಿಸುವವನು, ಮೂವತ್ತೈದಕ್ಕೇ ತಲೆ ಬೋಳಾಗಿ ಗಡ್ಡ ಮಾತ್ರ ಬಿಟ್ಟುಕೊಂಡವನು, ಕಾರ್ಕಳದ ಕಡೆಯವರ ಮಗ, ಹುಟ್ಟಿದ್ದು ಥಾಣೆಯಲ್ಲಿ, ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ನವಿ ಮುಂಬಯಿಯ ಮಹಾಪೆಯ ಈ ಕಟ್ಟಡದ ಕೆಳಗೆ ಯಾವುದೋ ಕೆಮಿಕಲ್ ಗೋಡೌನು, ಮೇಲೆ ಇವನ ಸ್ಟುಡಿಯೊ, ಮೆಟ್ಟಿಲಿನಲ್ಲಿ ಆಸಿಡ್ ವಾಸನೆ, ಒಳಗೆ ಊದುಬತ್ತಿ, ಹನ್ನೊಂದು ಗಂಟೆಯ ಬಿಸಿಲು ಹೊರಗೇ ನಿಂತಿದೆ. ಗಾಜಿನಾಚೆ ಎತ್ತರದ ಸ್ಟೂಲಿನ ಮೇಲೆ ಶರಣಬಸಮ್ಮ, ಕಾಲು ನೆಲಕ್ಕೆ ತಾಗುತ್ತಿಲ್ಲ, ನಾನು ಕೊಡಿಸಿದ ಹಸಿರು ಸೀರೆ ಉಡಿಸಿ ಕರೆತಂದಿದ್ದೇನೆ, ಮಗಳು ನೋಡಿ ಮುಖ ಸಿಂಡರಿಸಿದಳು, ಮಮ್ಮಿ, ಯೇ ಕ್ಯಾ, ಪುರಾನಿ ಸಾಡೀ ಚಾಹಿಯೇ ಥೀ ನಾ, ಅಥೆಂಟಿಕ್ ನಹೀ ಲಗ್ ರಹೀ, ಹಳೆ ಸೀರೆಯೇ ಬೇಕಿತ್ತಂತೆ. ಇಪ್ಪತ್ನಾಲ್ಕು ವರ್ಷಗಳ ಹಿಂದೆ ಕಳವಾ ಸ್ಟೇಶನ್ನಿನ ಬಳಿ ನಮ್ಮ ಹೋಟೆಲಿನ ಹಿಂದಿನ ಮೋರಿಯ ಬಳಿ ಕೂತು ಪಾತ್ರೆ ತಿಕ್ಕುತ್ತಿದ್ದಾಗ ಅಥೆಂಟಿಕ್ ಆಗಿಯೇ ಇದ್ದಳು, ಆಗ ನಿನಗೆ ನಾಲ್ಕು ವರ್ಷ, ಅಕ್ಕಿ ಮೂಟೆಯ ಮೇಲೆ ಕೂತು ಅವಳನ್ನೇ ನೋಡುತ್ತಿದ್ದೆ, ಹಾಡು ಕದಿಯುತ್ತಿದ್ದೀಯೆಂದು ಯಾರಿಗೆ ಗೊತ್ತಿತ್ತು. ಇವತ್ತು ಅವಳು ಎರಡು ಸಾಲು ಹಾಡಬೇಕು, ಕ್ಯಾಮರಾದ ಮುಂದೆ ಹಾಡಬೇಕು, ಹಾಡಿದರೆ ನನ್ನ ಮಗಳು ಉಳಿಯುತ್ತಾಳೆ, ಇಲ್ಲವಾದರೆ ಕಳ್ಳಿ ಎನ್ನಿಸಿಕೊಳ್ಳುತ್ತಾಳೆ, ವಿಷಯ ಇಷ್ಟೇ.

ಅಪರ್ಣಾ ಎಂದು ಹೆಸರಿಟ್ಟವಳು ನಾನು, ಎಲೆಯನ್ನೂ ಮುಟ್ಟದೆ ತಪಸ್ಸು ಮಾಡಿದವಳ ಹೆಸರು, ಯಾವನೋ ಸಂಖ್ಯಾಶಾಸ್ತ್ರದವನು ಹೇಳಿದನೆಂದು ಅ ಕತ್ತರಿಸಿ ಪರ್ಣಾ ಆದಳು, ಈಗ ಅವಳೇ ಎಲೆ, ಯಾರು ಬೇಕಾದರೂ ಬಡಿಸಿಕೊಳ್ಳಬಹುದು. ಕೂದಲಿನ ಬಣ್ಣ ಕೊರಿಯಾದ ಯಾವುದೋ ಹುಡುಗಿಯದು, ಹರಿದ ಚಡ್ಡಿ ಅಮೆರಿಕದ್ದು, ನಡಿಗೆ ಯಾರದೋ, ಅಳುವಾದರೂ ತನ್ನದೇ ಎಂದುಕೊಂಡಿದ್ದೆ, ಅದನ್ನೂ ಕನ್ನಡಿಯ ಮುಂದೆ ಕೂತು ಕಲಿಯುವುದನ್ನು ಬಾಗಿಲ ಸಂದಿಯಿಂದ ನೋಡಿದೆ. ಆದರೆ ಬುದ್ಧಿ, ಬುದ್ಧಿಯನ್ನು ಮೆಚ್ಚಬೇಕು, ಜನ ಎಷ್ಟನೇ ಸೆಕೆಂಡಿಗೆ ಬೆರಳಿನಿಂದ ಹಾಡನ್ನು ಮೇಲಕ್ಕೆ ತಳ್ಳುತ್ತಾರೆ, ಅದಕ್ಕೆ ಒಂದು ಸೆಕೆಂಡು ಮೊದಲು ಕಿವಿಗೆ ಏನು ಬೀಳಬೇಕು ಎಂಬುದು ಅವಳಿಗೆ ಗೊತ್ತು, ಅದು ನಮ್ಮ ರಕ್ತ, ನಿನ್ನೆಯ ಚಟ್ನಿಗೆ ಇವತ್ತಿನ ಒಗ್ಗರಣೆ ಕೊಡುವುದನ್ನು ಅವಳು ನಮ್ಮ ಅಡುಗೆಮನೆಯಲ್ಲೇ ನೋಡಿದ್ದು. ನನಗೆ ಹೆಮ್ಮೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಮ್ಮೆ. ಅವಳ ಹಾಡು ಓಲುಲ್ಲೆ ಬಂದ ವರ್ಷ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಎಲ್ಲರ ಫೋನಿನಲ್ಲೂ ಅದೇ, ಕಲ್ಯಾಣದ ಮದುವೆಯೊಂದರಲ್ಲಿ ಮದುಮಗಳು ಅದಕ್ಕೇ ಕುಣಿಯುತ್ತ ಮಂಟಪಕ್ಕೆ ಬಂದಳು, ಓಲುಲ್ಲೆ ಓಲುಲ್ಲೆ, ಎಲ್ಲಿದ್ದಾನೆ ಎಲ್ಲಿದ್ದಾನೆ, ಹುಬ್ಬಿನ ಮೇಲೆ ಕೈಯಿಟ್ಟು ಮದುಮಗನನ್ನು ಹುಡುಕುವ ಅಭಿನಯ, ತುಳು ಬಾರದವರಿಗೂ ಈಗ ಆ ಒಂದು ತುಳು ಶಬ್ದ ಬರುತ್ತದೆ, ನಮ್ಮ ಸಂಘದವರು ಶಾಲು ಹೊದಿಸಿದರು, ತಾಯಿನುಡಿಯನ್ನು ಜಗತ್ತಿಗೆ ಮುಟ್ಟಿಸಿದ ಕುವರಿ ಎಂದರು. ಟಿವಿಯವಳು ಕೇಳಿದಳು, ನೀವು ಕಲಾವಿದೆಯೋ ಜಾಣ ವ್ಯಾಪಾರಿಯೋ, ನಿಮ್ಮ ಸ್ವಂತದ್ದು ಏನಿದೆ, ಇವಳು ಕಣ್ಣು ತುಂಬಿಕೊಂಡು ನನ್ನ ಅಜ್ಜಿಯ ಜೋಗುಳ ಎಂದಳು. ಅಜ್ಜಿ ಎಂದರೆ ನನ್ನತ್ತೆ, ಜೀವಮಾನದಲ್ಲಿ ಒಂದು ರಾಗ ಎಳೆದವಳಲ್ಲ, ಅವಳ ಬಾಯಿಂದ ಹೊರಟದ್ದು ಶಾಪ ಮತ್ತು ತೇಗು ಎರಡೇ. ಆಮೇಲೆ ಡೊಂಬಿವಲಿಯ ರಮಾಕಾಂತ ಎಂಬ ನಿವೃತ್ತ ಮಾಸ್ತರರು ಫೋನಿನ ಮುಂದೆ ಕೂತು ವಿಡಿಯೊ ಮಾಡಿದರು, ಈ ಧಾಟಿ ತುಳುನಾಡಿನದಲ್ಲವೇ ಅಲ್ಲ, ಬಯಲುಸೀಮೆಯದು, ಯಾವಳೋ ಹೆಂಗಸಿನ ಗಂಟಲಿನಿಂದ ಎತ್ತಿದ್ದು, ಅವಳು ಯಾರೆಂದು ಪರ್ಣಾ ಹೇಳಲಿ. ಅದನ್ನೂ ಲಕ್ಷಗಟ್ಟಲೆ ಜನ ನೋಡಿದರು. ಹಾಡಿನ ಕಂಪನಿಯವರು ಬೆವರಿದರು, ಮಗಳು ಬೆವರಲಿಲ್ಲ, ಒಂದು ದಿನ ಯೋಚಿಸಿ ಹೇಳಿದಳು, ಆ ಹೆಂಗಸನ್ನೇ ಕರೆಸೋಣ, ಅವಳಿಂದಲೇ ಹಾಡಿಸೋಣ, ಕ್ಯಾಮರಾದ ಮುಂದೆ ಕಾಲಿಗೆ ಬೀಳುತ್ತೇನೆ, ನನ್ನನ್ನು ಎತ್ತಿ ಆಡಿಸಿದ ಮೌಶಿ, ಚಿಕ್ಕಮ್ಮನಿದ್ದಂತೆ ಎನ್ನುತ್ತೇನೆ, ಹಾಡು ಜಾನಪದ, ಹಿಂದಿನಿಂದ ಬಂದದ್ದು, ಯಾರದ್ದೂ ಅಲ್ಲ. ಹೆಸರನ್ನೂ ಅವಳೇ ಇಟ್ಟಳು, ರೂಟ್ಸ್ ವರ್ಶನ್.

ಯಾರದ್ದೂ ಅಲ್ಲವಂತೆ. ಅದು ಯಾರದೆಂದು ಬಲ್ಲವಳು, ಶರಣಬಸಮ್ಮನನ್ನು ಬಿಟ್ಟರೆ, ನಾನೊಬ್ಬಳೇ. ಅವಳು ಅದನ್ನು ಯಾದಗಿರಿಯಿಂದ ಗಂಟು ಕಟ್ಟಿಕೊಂಡು ತಂದದ್ದಲ್ಲ, ಯಾರಿಂದಲೂ ಕಲಿತದ್ದಲ್ಲ, ನಮ್ಮ ಮೋರಿಯ ಬಳಿ ನನ್ನ ಕಣ್ಣೆದುರೇ ಹುಟ್ಟಿತು, ದಿನಕ್ಕೊಂದು ಸಾಲು, ಸರಿಬಾರದ ಸಾಲನ್ನು ಮರುದಿನ ಕಿತ್ತು ಬೇರೆ ಹಾಕುತ್ತಿದ್ದಳು, ಬೂದಿ ಹತ್ತಿದ ಕೈಯಲ್ಲಿ ಪಾತ್ರೆಯ ತಳಕ್ಕೆ ತಾಳ — ಬಟ್ಟಲದಾಗ ಹಾಲ ಆರಿ ಹೋದಾವ, ಒಲ್ಲೆ ಅಂದ್ಯಲ್ಲೊ ಕಂದಯ್ಯ, ಒಲ್ಲೆ, ಒಲ್ಲೆ. ಅವಳ ಸೀಮೆಯ ಒಲ್ಲೆ, ಬೇಡ ಎನ್ನುವ ಒಲ್ಲೆ, ಮನೆಯಲ್ಲಿ ತುಳು ಆಡುವ ನನ್ನ ಮಗುವಿನ ಕಿವಿಗೆ ಅದು ಓಲುಲ್ಲೆ ಎಂದು ಬಿತ್ತು, ಎಲ್ಲಿದ್ದಾನೆ ಎಂದು ಬಿತ್ತು, ಮೂಟೆಯಿಂದ ಇಳಿದು ಮೇಜಿನಡಿ ಕುರ್ಚಿಯಡಿ ಬಗ್ಗಿ ಬಗ್ಗಿ ಹುಡುಕುತ್ತಿದ್ದಳು, ನಾನು ಆಗಲೇ ತಿದ್ದಬಹುದಿತ್ತು. ತಿದ್ದಿದ್ದರೆ ಯಾರು ಬೇಡ ಅಂದದ್ದು, ಏನು ಬೇಡ ಅಂದದ್ದು ಎಂದು ಕೇಳುತ್ತಿದ್ದಳು. ಶರಣಬಸಮ್ಮನ ಕೂಸು, ಒಂಬತ್ತು ತಿಂಗಳ ಗಂಡು, ಹಿಂದಿನ ಕೋಣೆಯಲ್ಲಿ ಗೋಣಿಯ ಮೇಲೆ ಮಲಗಿಸಿದ್ದಳು, ಅವತ್ತು ಗಣಪತಿ ಹಬ್ಬ, ರೈಲ್ವೆಯ ಕಾರ್‌ಶೆಡ್ಡಿನವರ ಮಂಡಳಿಗೆ ಐನೂರು ಎಲೆಯ ಊಟ, ತೆಂಗಿನಕಾಯಿಯ ರಾಶಿ, ಅವಳು ಎರಡು ಸಲ ಎದ್ದು ಬಂದಳು, ಅಕ್ಕಾರ, ಕೂಸಿನ ಮೈ ಸುಡಾಕತ್ತೈತ್ರಿ, ದವಾಖಾನಿಗೆ ತೋರ್ಸಿ ಬರ್ತೀನ್ರಿ. ಕಾಯಿ ತುರಿದು ಹೋಗು ಮಾರಾಯ್ತಿ, ಮಗುವನ್ನು ನಾನು ನೋಡುತ್ತೇನೆ, ಹಾಲು ಕುಡಿಸುತ್ತೇನೆ ಎಂದೆ. ಹಾಲು ಬಿಸಿ ಮಾಡಿ ಬಟ್ಟಲಿಗೆ ಹಾಕಿದೆ, ಅದು ನಿಜ, ಆಮೇಲೆ ಬಾಳೆಲೆಯವನು ಬಂದ, ಗ್ಯಾಸಿನವನು ಬಂದ, ಮರೆತೆ. ಮರೆತೆ ಎಂದರೆ ಮರೆತೆ, ಕೊಂದೆನೆಂದು ಯಾರೂ ಹೇಳುವ ಹಾಗಿಲ್ಲ. ಮಧ್ಯಾಹ್ನ ನೆನಪಾಗಿ ಓಡಿದೆ, ಚಮಚ ತುಟಿಗಿಟ್ಟರೆ ಬಾಯಿ ತೆರೆಯಲಿಲ್ಲ, ತಣ್ಣಗಿನ ಹಾಲು ತಣ್ಣಗಿನ ಕೆನ್ನೆಯ ಮೇಲಿಂದ ಕಿವಿಗೆ ಇಳಿಯಿತು, ಸೆರಗಿನಿಂದ ಒರೆಸಿದೆ, ಹೊರಗೆ ಬಂದು ಕಾಯಿ ಮುಗಿಯಿತಾ ಎಂದು ಕೇಳಿದೆ. ಅವಳು ಕೋಣೆಗೆ ಹೋಗಿ ಕಿರುಚಿದ ಮೇಲೆ ಹೇಳಿದೆ, ಎಷ್ಟು ಸಲ ಕೊಟ್ಟೆ, ಬೇಡ ಬೇಡ ಎಂದು ಮುಖ ತಿರುಗಿಸಿದ. ಆ ಬೇಡವನ್ನೇ ಅವಳು ಒಲ್ಲೆ ಮಾಡಿದಳು. ನಮ್ಮವರು, ಊರಿಗೆಲ್ಲ ಕಿಟ್ಟಣ್ಣ, ಅಂದು ಊಟ ಮುಟ್ಟದೆ ಕೂತರು, ನಾನು ಉಂಡೆ, ಹಸಿವಾಗಿತ್ತು. ಹಾಗಾಗಿ ಸ್ವಂತದ್ದು ಯಾರದು ಎಂಬ ಮಾತು ಬಂದರೆ ಕೇಳು ಮಗಳೇ, ರಾಗ ಅವಳದು, ಸಾಲು ಅವಳದು, ಅಳು ಅವಳದು, ಸುಳ್ಳು ಮಾತ್ರ ನನ್ನದು, ಜನ ಕುಣಿಯುವುದು ಆ ಸುಳ್ಳಿಗೆ.

ಘಣಸೋಲಿಯ ಹಳೆ ಗಾಂವಿನಲ್ಲಿ, ಎದುರು ಮನೆಯ ಕಿಟಕಿಗೆ ಕೈ ತಾಗುವಂಥ ಗಲ್ಲಿಯಲ್ಲಿ ಶರಣಬಸಮ್ಮ ಸಿಕ್ಕಳು, ಆಮೇಲೆ ಹುಟ್ಟಿದ ಮಗಳ ಮನೆಯಲ್ಲಿದ್ದಾಳೆ, ನನ್ನನ್ನು ನೋಡಿ ಕಾಲಿಗೆ ಬಿದ್ದಳು, ಬೀಳಬೇಡ ಎನ್ನಬೇಕೆನ್ನಿಸಿತು, ಅನ್ನಲಿಲ್ಲ, ಚಹಾ ಕೊಟ್ಟಳು, ಸಣ್ಣವ್ವ ಏನ್ ಮಾಡ್ತಾಳ್ರಿ ಅಕ್ಕಾರ ಎಂದು ನನ್ನ ಮಗಳ ವಿಷಯ ಕೇಳಿದಳು. ಹಾಡುತ್ತಾಳೆ ಎಂದೆ. ಹಾಡ್ಲಿ ಬಿಡ್ರಿ, ಹಾಡಿದ್ರ ಎದಿ ಹಗುರಾಗ್ತೈತಿ ಎಂದಳು. ಆ ಗಲ್ಲಿಯ ಗಣಪತಿಯ ಮುಂದೆಯೂ ಓಲುಲ್ಲೆ ಹಾಕಿ ಕುಣಿದಿರುತ್ತಾರೆ, ಅವಳ ಕಿವಿಗೂ ಬಿದ್ದಿರುತ್ತದೆ, ಹೆತ್ತವಳಿಗೂ ಗುರುತು ಸಿಗದ ಹಾಗೆ ಮಾಡುವುದೇ ಕೌಶಲನ ಕಸುಬು. ಸಣ್ಣವ್ವನಿಗೆ ನಿನ್ನ ಒಂದು ಹಾಡು ಕೇಳಬೇಕಂತೆ, ನಿನಗೆ ಸನ್ಮಾನ ಮಾಡಬೇಕಂತೆ ಎಂದೆ, ಯಾವ ಹಾಡು ಎಂದು ಹೇಳಲಿಲ್ಲ. ಇವತ್ತು ರಿಕ್ಷಾದಲ್ಲಿ ಬರುವಾಗ ಕಂಪನಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆ, ಸನ್ಮಾನದ ಕಾಗದ ಎಂದೆ, ಅದರಲ್ಲಿ ಬರೆದಿರುವುದು ಈ ಹಾಡು ಪರಂಪರೆಯದು, ನನ್ನದಲ್ಲ ಎಂದು, ಶಾಯಿ ಹತ್ತಿದ ಹೆಬ್ಬೆರಳನ್ನು ಹೊಸ ಸೀರೆಗೆ ತಾಗದಂತೆ ದಾರಿಯುದ್ದಕ್ಕೂ ಎತ್ತಿ ಹಿಡಿದಿದ್ದಳು. ನನಗೆ ಅವಳ ಮೇಲೆ ಕನಿಕರ ಬರಲಿಲ್ಲ, ಸಿಟ್ಟು ಬಂತು, ಇಷ್ಟೊಂದು ನಂಬುವವರನ್ನು ಕಂಡರೆ ನನಗೆ ಸಿಟ್ಟೇ ಬರುವುದು. ಮಗಳು ಹೇಳಿದಂತೆಯೇ ಮಾಡಿದಳು, ಕಾಲಿಗೆ ಬಿದ್ದಳು, ಕೂದಲು ಮುಖಕ್ಕೆ ಬಂತೆಂದು ಎರಡನೆಯ ಸಲ ಬಿದ್ದಳು, ಶರಣಬಸಮ್ಮ ಎರಡು ಸಲವೂ ಅತ್ತಳು, ಎರಡನೆಯದರಲ್ಲಿ ಹೆಚ್ಚು ಚೆನ್ನಾಗಿ.

ಈಗ ಕಿವಿಗೆ ಹೆಡ್‌ಫೋನು ತೊಡಿಸಿದ್ದಾರೆ, ಸೆರಗಿನ ಮೇಲಿಂದಲೇ, ಕೌಶಲ್ ಡೋಲು ತೆಗೆದಿದ್ದಾನೆ, ಪಿಟೀಲು ತೆಗೆದಿದ್ದಾನೆ, ಬರೀ ಧಾಟಿ ಬಿಟ್ಟಿದ್ದಾನೆ, ಅದನ್ನು ಕೇಳುತ್ತ ಅವಳು ಹಾಡಬೇಕು. ಬಟನ್ ಒತ್ತಿದ. ಮೊದಲು ನಕ್ಕಳು, ಕಿವಿಯೊಳಗೆ ಹಾಡು ಬಂತಲ್ಲ ಎಂಬ ನಗು, ಆಮೇಲೆ ನಗು ಅಲ್ಲೇ ನಿಂತಿತು, ಶಾಯಿ ಹತ್ತಿದ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು, ತಾನಾಗಿಯೇ, ಪಾತ್ರೆಯ ತಳಕ್ಕೆ ಹಾಕುತ್ತಿದ್ದ ಅದೇ ತಾಳ, ನಿಂತಿತು. ಗುರುತು ಹಿಡಿದಳು. ನನಗೆ ಭಯವಾಯಿತು. ಮಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಮೌಶಿ, ಗಾಓ ನಾ ಎಂದಳು ಮಗಳು ಸಕ್ಕರೆಯ ದನಿಯಲ್ಲಿ. ಶರಣಬಸಮ್ಮ ಕೂತಲ್ಲಿಂದಲೇ ಮೈಕಿನತ್ತ ಬಾಗಿದಳು, ದನಿ ಎತ್ತಲಿಲ್ಲ.

"ಒಲ್ಲೆವ್ವ. ಒಲ್ಲೆ. ಇದನ್ನ ಹಾಡಾಕ ನಾ ಒಲ್ಲೆ."

ಕೌಶಲನ ಪರದೆಯ ಮೇಲೆ ಹಸಿರು ಗೆರೆ ಎದ್ದು ಬಿತ್ತು, ಎದ್ದು ಬಿತ್ತು, ಮಗಳು ಎರಡೂ ಕೈ ಬಾಯಿಗೆ ಹಿಡಿದು ಕುಣಿದಳು, ಮಿಲ್ ಗಯಾ, ಯಹೀ ಚಾಹಿಯೇ ಥಾ, ಆ ದನಿ ನೋಡು, ಸೀಳಿದಂತಿದೆ, ಬೇರೆ ಏನೂ ಬೇಡ, ಇದನ್ನೇ ಲೂಪ್ ಮಾಡು. ಇವಳಿಗೆ ಅರ್ಥವಾಗಲಿಲ್ಲ, ನಾನು ಹೆತ್ತವಳಿಗೆ ಕನ್ನಡದ ಒಂದು ಬೇಡ ಅರ್ಥವಾಗಲಿಲ್ಲ, ಅರ್ಥವಾಗಿದ್ದರೂ ಇದನ್ನೇ ಹೇಳುತ್ತಿದ್ದಳೇನೋ. ಕೌಶಲ್ ಮಾತ್ರ ಗಡ್ಡ ಕೆರೆದುಕೊಂಡ, ತುಳು ಮನೆಯಲ್ಲಿ ಬೆಳೆದ ಕಿವಿ, ಆಂಟಿ, ಓಲುಲ್ಲೆ ನಹೀ ಬೋಲ್ ರಹೀ, ಒಲ್ಲೆ ಬೋಲ್ ರಹೀ ಹೈ, ಮತ್ಲಬ್ ಕ್ಯಾ ಹೈ, ಹಾಗೆಂದರೇನು ಎಂದ. ಅವನ ಬೆರಳು ಗಾಜಿನಾಚೆಗೆ ಮಾತಾಡುವ ಬಟನಿನ ಮೇಲೆಯೇ ಇದೆ, ಕೆಂಪು ದೀಪ ಉರಿಯುತ್ತಿದೆ, ಇಲ್ಲಿ ಆಡಿದ್ದು ಅಲ್ಲಿ ಅವಳ ಕಿವಿಗೆ ಬೀಳುತ್ತದೆ, ನನಗದು ಕಾಣುತ್ತಿದೆ. ಹೇಳಬಹುದು, ಬೇಡ ಎನ್ನುತ್ತಿದ್ದಾಳೆ ಎಂದು ಹೇಳಬಹುದು, ಒಂದೇ ಶಬ್ದ, ಆಗ ಅವನು ಯಾಕೆ ಬೇಡವಂತೆ ಎನ್ನುತ್ತಾನೆ, ಯಾರ ಮಗು ಎನ್ನುತ್ತಾನೆ, ಹಾಲು ಯಾರು ಕೊಟ್ಟದ್ದು ಎನ್ನುತ್ತಾನೆ. ಮಗಳು ನನ್ನ ಮುಖ ನೋಡುತ್ತಿದ್ದಾಳೆ, ಕಲಿಯದ ಮುಖ, ನಾಲ್ಕು ವರ್ಷದ ಮುಖ, ಮಮ್ಮಿ.

"ಅವರ ಊರಲ್ಲಿ ಹಾಗೇ ಹೇಳುವುದು. ಕಹಾಂ ಹೈ ವೋ, ಪೂಛ್ ರಹೀ ಹೈ."

ಎಲ್ಲಿದ್ದಾನೆ ಎಂದು ಕೇಳುತ್ತಿದ್ದಾಳಂತೆ, ಸುಳ್ಳು ಹೇಳಿಬಿಟ್ಟೆ, ಎರಡನೆಯ ಸಲ, ಈ ಸಲ ದನಿ ನಡುಗಲೂ ಇಲ್ಲ. ಇಷ್ಟು ವರ್ಷ ಘಣಸೋಲಿಯಲ್ಲಿದ್ದವಳಿಗೆ ಅಷ್ಟು ಹಿಂದಿ ಬಾರದೇ, ಬಂತು, ಗಾಜಿನಾಚೆ ಮುಖ ತಿರುಗಿತು, ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ, ಇಳಿದು ಬರುತ್ತಾಳೆ ಎಂದುಕೊಂಡೆ, ಬರಲಿಲ್ಲ, ನೋಡುತ್ತಾಳೆ, ನನ್ನನ್ನು, ಬೇಡ ಬೇಡ ಎಂದು ಮುಖ ತಿರುಗಿಸಿದ ಎಂದೆನಲ್ಲ ಅವತ್ತು, ಅದೂ ಸುಳ್ಳೆಂದು ಈಗ ನನ್ನ ಮುಖದಲ್ಲಿ ಓದುತ್ತಾಳೆ, ಅಕ್ಷರ ಬಾರದವಳು. ಕೌಶಲ್ ತುಂಡು ಮಾಡಿದ, ಜೋಡಿಸಿದ, ಕೆಳಗೆ ಡೋಲು ಇಟ್ಟ, ದೊಡ್ಡ ಸ್ಪೀಕರಿಗೆ ಬಿಟ್ಟ, ಒಲ್ಲೆ ಒಲ್ಲೆ ಒಲ್ಲೆ, ನೆಲ ನಡುಗುತ್ತಿದೆ, ಮಗಳು ಹುಬ್ಬಿನ ಮೇಲೆ ಕೈಯಿಟ್ಟು ಹುಡುಕುತ್ತಿದ್ದಾಳೆ, ಎಲ್ಲಿದ್ದಾನೆ, ಇಲ್ಲಿದ್ದಾನಾ, ಅಲ್ಲಿದ್ದಾನಾ, ಕೋಣೆಯ ತುಂಬ ಶರಣಬಸಮ್ಮನ ದನಿ, ಅವಳು ಹಾಡುತ್ತಿಲ್ಲ, ಒಲ್ಲೆ ಒಲ್ಲೆ, ತುಟಿ ಅಲುಗುತ್ತಿಲ್ಲ, ಒಲ್ಲೆ, ಚಮಚ ಇಟ್ಟರೂ ತೆರೆಯದ ಹಾಗೆ, ಒಲ್ಲೆ, ದನಿ ಬರುತ್ತಿದೆ, ಬಾಯಿ ಮುಚ್ಚಿದೆ, ಒಲ್ಲೆ, ಬಾಯಿ ಮುಚ್ಚಿದೆ, ಬಾಯಿ