ಶಕ್ತಿ ಗುಳಿಗಿ

ಸಾರವಾಡದ ಭೀಮಾಬಾಯಿಯ ಮನೆಯಲ್ಲಿ ಮೂರ್ಛೆರೋಗ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಮೊಮ್ಮಗಳು ಕಾವ್ಯಾ ಆರು ವರ್ಷದವಳಿದ್ದಾಗ ಅಂಗಳದಲ್ಲಿ ಬಿದ್ದು, ಕೈಕಾಲು ಬಡಿದುಕೊಂಡು, ಬಾಯಲ್ಲಿ ನೊರೆ ಬಂದದ್ದನ್ನು ಮನೆಮಂದಿಯೆಲ್ಲ ಕಣ್ಣಾರೆ ಕಂಡಿದ್ದರು. ಕಂಡೂ ಅದಕ್ಕೆ ಅಶಕ್ತತನ ಎಂದು ಹೆಸರಿಟ್ಟರು. ವಿಜಯಪುರದ ಸ್ಟೇಷನ್ ರಸ್ತೆಯ ಡಾಕ್ಟರು ಸುರೈಯಾ ಬರೆದುಕೊಟ್ಟ ಔಷಧಿ ಮನೆಗೆ ಬರುವಷ್ಟರಲ್ಲಿ ‘ಶಕ್ತಿ ಗುಳಿಗಿ’ಯಾಯಿತು. ಹುಡುಗಿಗೂ ಹಾಗೆಯೇ ಹೇಳಿದರು. ಅವಳ ತಾಯಿ ಚಂದ್ರಕಲಾ ಅದನ್ನು ಹತ್ತಿರದ ಬಬಲೇಶ್ವರದ ಅಂಗಡಿಗಳಲ್ಲಿ ಕೊಳ್ಳುತ್ತಿರಲಿಲ್ಲ, ಅಲ್ಲಿ ಗುರುತಿನವರು ಬಹಳ. ಬಸ್ಸು ಹತ್ತಿ ವಿಜಯಪುರದ ಗಾಂಧಿ ಚೌಕದ ಗದ್ದಲಕ್ಕೆ ಹೋಗಿ ಕೊಂಡು, ಅಲ್ಲೇ ಚೀಟಿ ಹರಿದೊಗೆದು, ಮನೆಗೆ ಬಂದು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಸಣ್ಣ ಡಬ್ಬಿಯೊಳಗೆ ಮುಚ್ಚಿಡುತ್ತಿದ್ದಳು. ಇಷ್ಟು ಜಾಣತನ ಬೇರೆ ಯಾವುದಾದರೂ ಕೆಲಸಕ್ಕೆ ಬಿದ್ದಿದ್ದರೆ ಆ ಮನೆ ಉದ್ಧಾರವಾಗುತ್ತಿತ್ತು.

ಗುಳಿಗೆ ನಾಟಿತು. ವರ್ಷದೊಳಗೆ ಬೀಳುವುದು ನಿಂತಿತು. ಪೀಡೆ ತೊಲಗಿತೆಂದು ಎಲ್ಲರೂ ಉಸಿರು ಬಿಟ್ಟರು. ಆದರೆ ಬೀಳುವುದು ನಿಂತ ಮೇಲೆ ಬೇರೆಯದೇ ಶುರುವಾಯಿತು. ಏಳರ ಮಗ್ಗಿಯವರೆಗೆ ಗಡಗಡ ಹೇಳುತ್ತಿದ್ದ ಹುಡುಗಿ ಒಂಬತ್ತನೆಯ ವರ್ಷಕ್ಕೆ ಮೂರರ ಮಗ್ಗಿಯಲ್ಲಿ ದಾರಿ ತಪ್ಪತೊಡಗಿದಳು. ನೀರು ತಾ ಎಂದರೆ ಕೊಡದ ಮುಂದೆ ಹೋಗಿ, ಬಂದದ್ದು ಯಾಕೆಂದು ಮರೆತು ನಿಲ್ಲುತ್ತಿದ್ದಳು. ಮಾತಾಡುತ್ತಾ ಮಾತಾಡುತ್ತಾ ಕಣ್ಣು ಎಲ್ಲೋ ನೆಟ್ಟು ಸುಮ್ಮನಾಗುತ್ತಿದ್ದಳು. ಕೆಣಕಿದರಂತೂ ಮುಗಿಯಿತು. ತಾಟು ಎಸೆಯುವುದು, ಕಚ್ಚುವುದು, ಬಾಯಿಗೆ ಬಂದಂತೆ ಬೈಯುವುದು. ಬಿರುಸು ಇಳಿದ ಮೇಲೆ ಬೆಪ್ಪಾಗಿ ಕೂತು ತಾನೇ ಅಳುವುದು.

‘ಬೇಕಂತಲೇ ಮಾಡತಾಳ,’ ಎಂದು ಅಜ್ಜಿ ಭೀಮಾಬಾಯಿ ತೀರ್ಪು ಕೊಟ್ಟಳು. ಅಪ್ಪ ಭೀಮಾಶಂಕರ ತೀರ್ಪಿಗೆ ತಲೆಯಾಡಿಸಿ ಹೊಲಕ್ಕೆ ಹೋದ. ಅವನ ಸಂಸಾರದ ಕೆಲಸವೆಲ್ಲ ತಲೆಯಾಡಿಸುವುದರಲ್ಲೇ ಮುಗಿಯುತ್ತಿತ್ತು.

ಡಾಕ್ಟರು ಹಾಗೆನ್ನಲಿಲ್ಲ. ಫೆಬ್ರವರಿಯಲ್ಲಿ ಚಂದ್ರಕಲಾ ಒಬ್ಬಳೇ ಹೋಗಿ ಎಲ್ಲವನ್ನೂ ಹೇಳಿಕೊಂಡಾಗ ಸುರೈಯಾ ಪೆನ್ನು ಕೆಳಗಿಟ್ಟು ಕೇಳಿದರು.

‘ಇದು ಹಟ ಅಲ್ಲವ್ವ. ದೊಡ್ಡ ಫಿಟ್ಸ್ ನಿಂತಾವ, ಸಣ್ಣವು ನಿಂತಿಲ್ಲ. ಹತ್ತು ಹದಿನೈದು ಸೆಕೆಂಡ್ ಆಕಿ ಇದ್ದಲ್ಲೇ ಇರೂದಿಲ್ಲ. ನೀವು ಕರದದ್ದು ಆಕಿಗೆ ಮುಟ್ಟೂದಿಲ್ಲ. ಮರವು, ಸಿಟ್ಟು, ಅವೂ ಇದರ ಸಂಗಾಟನ ಬರತಾವ. ಈ ಗುಳಿಗಿನೂ ಒಂದೀಟ ಸಿಟ್ಟು ಏರಸತೈತಿ, ಸಾವಕಾಶ ಬದಲಿ ಮಾಡೂಣು. ನೀವಾಗೇ ಒಮ್ಮೆಲೆ ಬಿಡಸಬ್ಯಾಡ್ರಿ. ಸಾಲ್ಯಾಗ ಹೇಳೀರಿಲ್ಲ?’

ಚಂದ್ರಕಲಾ ನೆಲ ನೋಡಿದಳು. ಡಾಕ್ಟರು ಶಾಲೆಗೊಂದು ಪತ್ರ ಬರೆದು ಮಡಚಿ ಅವಳ ಕೈಯಲ್ಲಿಟ್ಟರು. ‘ನಾಳೇನ ಕೊಡ್ರಿ,’ ಎಂದರು.

ನಾಳೆ ಬರಲಿಲ್ಲ. ಮನೆಯಲ್ಲಿ ನಾದಿನಿ ಸುವರ್ಣಾಳ ಮದುವೆ ಗೊತ್ತಾಗಿತ್ತು. ವರ ಬಬಲೇಶ್ವರದ ಚೇತನಕುಮಾರ, ಬೀಜ ಗೊಬ್ಬರದ ಅಂಗಡಿಯವನು. ಕಾವ್ಯಾಳ ಮಾಸ್ತರ ಪ್ರತಾಪ ಸರ್ ಇರುವುದೂ ಬಬಲೇಶ್ವರದಲ್ಲೇ, ಅದೂ ಚೇತನಕುಮಾರನ ಓಣಿಯಲ್ಲೇ.

‘ಮಾಸ್ತರಗ ಹೇಳೂದೂ ಒಂದ, ಬೀಗರಗ ಹೇಳೂದೂ ಒಂದ,’ ಎಂದಳು ಭೀಮಾಬಾಯಿ. ‘ಈ ಮನಿತನದಾಗ ಬೀಳೂ ಬ್ಯಾನಿ ಐತಿ ಅಂದ್ರ ಸುವರ್ಣಾನ್ನ ಯಾರ ಮಾಡಕೋತಾರ? ಮುಂದ ನಿನ್ನ ಮಗಳನ ಯಾರ ಮಾಡಕೋತಾರ? ಮದವಿ ಒಂದ ಆಗಲಿ, ಆಮ್ಯಾಲ ಡಂಗುರಾ ಹೊಡಿ.’

ಪತ್ರ ಟ್ರಂಕಿನ ತಳಕ್ಕೆ ಹೋಯಿತು. ಇಟ್ಟವಳು ಚಂದ್ರಕಲಾಳೇ. ಅತ್ತೆ ಕಸಿದುಕೊಂಡಳೆಂದು ಹೇಳುವ ಅನುಕೂಲ ಅವಳಿಗಿರಲಿಲ್ಲ.

ವಾರದೊಳಗೆ ಶಾಲೆಯಿಂದ ಕರೆ ಬಂತು. ಪ್ರತಾಪ ಸರ್ ಕೆಟ್ಟವರಲ್ಲ. ತಡವಾಗಿ ಬರುವ, ಬೇಗ ಹೋಗುವ ಮಾಸ್ತರರ ಪೈಕಿಯೂ ಅಲ್ಲ. ಕಾವ್ಯಾಳನ್ನು ಮುಂದೆ ನಿಲ್ಲಿಸಿಕೊಂಡು ಬೇಸರದಿಂದಲೇ ಹೇಳಿದರು.

‘ಪ್ರಶ್ನೆ ಕೇಳಿದ್ರ ನನ್ನ ಮುಖಾ ನೋಡಕೋತ ನಿಂದರತಾಳ್ರಿ. ಹತ್ತ ಸಲ ಕರದ್ರೂ ಓ ಅನ್ನೂದಿಲ್ಲ. ಮೊನ್ನೆ ಬಾಜೂಕಿನ ಹುಡುಗಿ ಮಿನಾಜಳ ಕೈ ಕಚ್ಚ್ಯಾಳ. ಬಾಯಾರ, ಖರೇ ಹೇಳ್ರಿ. ಹುಡುಗಿಗೆ ಏನರ ತ್ರಾಸ ಐತೇನು? ಇದ್ರ ಹೇಳ್ರಿ, ನಾ ಸಂಬಾಳಸ್ತೇನಿ.’

ಇದಕ್ಕಿಂತ ಹೆಚ್ಚು ಬಾಗಿಲು ತೆರೆದು ಯಾವ ಮಾಸ್ತರನೂ ಕೇಳಲಾರ. ಚಂದ್ರಕಲಾಳ ಬಾಯಿಯವರೆಗೆ ಮಾತು ಬಂತು. ಅಷ್ಟರಲ್ಲಿ ಅವಳಿಗೆ ಬಬಲೇಶ್ವರದ ಆ ಓಣಿ ನೆನಪಾಯಿತು, ಕಟ್ಟೆಯ ಮೇಲೆ ಕೂತು ಮಾತಾಡುವ ಹೆಂಗಸರು ನೆನಪಾದರು.

‘ತ್ರಾಸ ಏನೂ ಇಲ್ರಿ ಸರ್. ಹಟಮಾರಿ ಐತ್ರಿ. ಕಣ್ಣೊಂದ ಬಿಟ್ಟ ಎಲ್ಲಿ ಬೇಕಾದ್ರ ಹೊಡೀರಿ, ನಾವ ಕೇಳಾಕ ಬರೂದಿಲ್ಲ.’

ನಮ್ಮ ಕಡೆ ಶಾಲೆಗೆ ಮಗುವನ್ನು ಬಿಡಲು ಬಂದ ತಾಯ್ತಂದೆ ತಲೆತಲಾಂತರದಿಂದ ಹೇಳುತ್ತಾ ಬಂದ ಮಾತು ಇದು, ಮಾಸ್ತರರಿಗೆ ಕೊಡುವ ಮರ್ಯಾದೆ. ಹೇಳುವವರೂ ನಗುತ್ತಾರೆ, ಕೇಳುವವರೂ ನಗುತ್ತಾರೆ. ಆ ದಿನ ಪ್ರತಾಪ ಸರ್ ಅಷ್ಟಾಗಿ ನಗಲಿಲ್ಲ. ಕಾವ್ಯಾ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಸರ್ ಹೊಡೆಯಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದರು. ಕಿವಿ ಹಿಡಿಸಿ ತಪ್ಪಾಯಿತು ಅನ್ನಿಸಿದರು. ತಾಯಿಯೇ ಹಟ ಎಂದ ಮೇಲೆ ಹಟಕ್ಕೆ ಮಾಡುವುದನ್ನು ಮಾಡಿದರು, ಅಷ್ಟೇ. ಹುಡುಗಿ ಆ ಪಾಠವನ್ನು ಮಾತ್ರ ಮರೆಯಲಿಲ್ಲ. ಮನೆಯಲ್ಲಿಯೂ ಕಣ್ಣು ನೆಟ್ಟು ನಿಂತು ಎಚ್ಚರಾದ ಕೂಡಲೇ, ಎದುರಿಗೆ ಯಾರಿದ್ದರೂ ಸರಿ, ಕಿವಿ ಹಿಡಿದುಕೊಂಡು ‘ತಪ್ಪಾತ್ರಿ, ಇನ್ನೊಮ್ಮೆ ಮಾಡೂದಿಲ್ರಿ,’ ಎನ್ನತೊಡಗಿದಳು. ಒಮ್ಮೆ ಎಮ್ಮೆಯ ಮುಂದೆಯೂ ಅಂದಳು. ‘ನೋಡ, ಬಿಗಿ ಮಾಡಿದ್ರ ಹಾದಿಗಿ ಬಂತು,’ ಎಂದು ಅಜ್ಜಿ ಹಿಗ್ಗಿದಳು. ಕಚ್ಚುವುದೂ ನಿಂತಿತ್ತು. ಜಳಕ ಮಾಡಿಸುವಾಗ ಚಂದ್ರಕಲಾ ನೋಡಿದಳು, ಹುಡುಗಿಯ ಎಡಗೈಯ ಮೇಲೆ ಮೊಣಕೈತನಕ ಅವಳದೇ ಹಲ್ಲಿನ ಗುರುತುಗಳಿದ್ದವು.

ಚಂದ್ರಕಲಾ ಟ್ರಂಕು ತೆಗೆದು ತಳದಲ್ಲಿದ್ದ ಪತ್ರವನ್ನು ಮೇಲೆ ಇಟ್ಟಳು. ನಾಳೆ ಬೆಳಿಗ್ಗೆ ಪತ್ರ ಕೊಟ್ಟೇ ಬರುತ್ತೇನೆ ಎಂದುಕೊಂಡಳು. ಆದರೆ ಆ ಬೆಳಿಗ್ಗೆಯೇ ಬೀಗರು ಬಂದರು. ಮದುವೆಗೆ ಹನ್ನೊಂದು ದಿನವಿತ್ತು. ಎರಡೂ ಕಡೆಯವರು ಕೂಡಿ ವಿಜಯಪುರಕ್ಕೆ ಹೋಗಿ ಬಸ್ತಾ, ಅಂದರೆ ಮದುವೆಯ ಬಟ್ಟೆ, ಕೊಂಡು ತರುವುದಿತ್ತು. ಚೇತನಕುಮಾರನ ತಾಯಿ, ಚಿಕ್ಕಮ್ಮಂದಿರು ಎರಡು ದಿನ ಸಾರವಾಡದಲ್ಲೇ ಉಳಿದರು. ಬಹಳ ಒಳ್ಳೆಯ ಹೆಂಗಸರು. ಸೊಸೆಯ ತವರಿನಲ್ಲಿ ಸುಮ್ಮನೆ ಕೂಡಬಾರದೆಂದು ಅಡುಗೆಮನೆಯಲ್ಲೇ ಠಿಕಾಣಿ ಹೂಡಿ ರೊಟ್ಟಿ ಬಡಿದರು, ಕಾಯಿಪಲ್ಲೆ ಹೆಚ್ಚಿದರು. ಅವರ ತಲೆಯ ಮೇಲೆಯೇ ಆ ಹಲಗೆ, ಆ ಡಬ್ಬಿ.

‘ಅವ್ವಾ, ನನ್ನ ಗುಳಿಗಿ?’ ಎಂದಳು ಕಾವ್ಯಾ ಮೊದಲ ದಿನ. ಮನೆಯಲ್ಲಿ ಎಲ್ಲವನ್ನೂ ಮರೆಯುವ ಹುಡುಗಿ ಅದೊಂದನ್ನು ಮರೆತಿರಲಿಲ್ಲ.

‘ಯಾವ ಗುಳಿಗಿನೇ ಯವ್ವಾ?’ ಎಂದು ಬೀಗಿತ್ತಿ ಅಕ್ಕರೆಯಿಂದ ಕೇಳಿದಳು.

ಚಂದ್ರಕಲಾ ಮಗಳ ತೊಡೆ ಚಿವುಟಿದಳು. ‘ಪೆಪ್ಪರಮಿಂಟ್ ಬೇಡತಾಳ್ರಿ,’ ಎಂದು ನಕ್ಕಳು. ಕಾವ್ಯಾ ಕಿವಿ ಹಿಡಿದುಕೊಂಡು ತಪ್ಪಾತ್ರಿ ಎಂದಳು. ಹೆಂಗಸರೆಲ್ಲ ಎಷ್ಟು ಸಂಭಾವಿತ ಹುಡುಗಿ ಎಂದು ಮೆಚ್ಚಿದರು. ಎರಡು ದಿನದಲ್ಲಿ ನಾಲ್ಕು ಹೊತ್ತಿನ ಗುಳಿಗೆ ತಪ್ಪಿತು. ಮೂರನೆಯ ದಿನ ಬೆಳಿಗ್ಗೆ ಬೀಗರನ್ನು ಬಸ್ಸು ಹತ್ತಿಸಿ ಬರುವಷ್ಟರಲ್ಲಿ ಹುಡುಗಿ ಶಾಲೆಗೆ ಹೋಗಿಬಿಟ್ಟಿದ್ದಳು. ಸಂಜೆ ಬಂದ ಮೇಲೆ ಕೊಟ್ಟರಾಯಿತು ಎಂದುಕೊಂಡು ಚಂದ್ರಕಲಾ ಪಾತ್ರೆ ತಿಕ್ಕಲು ಕೂತಳು.

ಹನ್ನೊಂದರ ಸುಮಾರಿಗೆ ಮಿನಾಜ ಓಡುತ್ತಾ ಬಂದಳು. ಸರ್ ಕರೆದಾಗ ಕಾವ್ಯಾ ಓ ಎನ್ನಲಿಲ್ಲವಂತೆ, ಬೆಂಚಿನ ಮೇಲೆ ನಿಲ್ಲಿಸಿದರಂತೆ. ನಿಂತವಳು ಸೆಟೆದು ಹಾಸುಗಲ್ಲಿನ ಮೇಲೆ ತಲೆಕೆಳಗಾಗಿ ಬಿದ್ದಳಂತೆ. ಸರ್ ಎತ್ತಿಕೊಂಡು ಜೀಪಿನಲ್ಲಿ ವಿಜಯಪುರಕ್ಕೆ ಒಯ್ದರಂತೆ.

ಚಂದ್ರಕಲಾ ಹಿಂದಿನಿಂದ ಬಸ್ಸಿನಲ್ಲಿ ಆಸ್ಪತ್ರೆ ಮುಟ್ಟಿದಾಗಲೂ ಹುಡುಗಿಯ ಕೈಕಾಲು ಸೆಳೆಯುವುದು ನಿಂತಿರಲಿಲ್ಲ. ಮೊದಲಿನಿಂದ ಇದೆಯೇ, ಯಾವ ಔಷಧಿ ನಡೆದಿದೆ ಎಂದು ಅಲ್ಲಿಯವರು ಕೇಳಿದ್ದಕ್ಕೆ ಪ್ರತಾಪ ಸರ್ ಗೊತ್ತಿಲ್ಲ, ಏನೂ ಇಲ್ಲವೆಂದು ತಾಯಿಯೇ ಅಂದಿದ್ದರಲ್ಲ ಎಂದೇ ಹೇಳಿದ್ದರು. ಚಂದ್ರಕಲಾ ಮೂರು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡ ಹೆಸರನ್ನು ವರಾಂಡದಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು. ಸುರೈಯಾ ಡಾಕ್ಟರಿಗೆ ಫೋನು ಹೋಯಿತು. ಸರ್ ಅವಳತ್ತ ತಿರುಗಿದರು. ಅವರ ಅಂಗಿಯ ಮೇಲೆ ಹುಡುಗಿಯ ರಕ್ತವಿತ್ತು.

‘ನಾ ಕೇಳಿದ್ನಲ್ರಿ ಬಾಯಾರ,’ ಎಂದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟಾದರೂ ಹಗುರಾಗುತ್ತಿತ್ತು.

ಹಣೆಗೆ ಏಳು ಹೊಲಿಗೆ ಬಿದ್ದವು. ಮೂರನೆಯ ದಿನ ಹುಡುಗಿ ಸರಿಯಾಗಿ ಕಣ್ಣು ಬಿಟ್ಟಳು. ಸಾವಕಾಶ ಮಾತಾಡಿದಳು, ಅಪ್ಪನ ಹೆಸರು ಹೇಳಿದಳು, ತನ್ನ ಶಾಲೆಯ ಹೆಸರು ಹೇಳಲಿಲ್ಲ. ಹೋದದ್ದರಲ್ಲಿ ಎಷ್ಟು ತಿರುಗಿ ಬರುತ್ತದೋ ಈಗಲೇ ಹೇಳಲಾಗದು ಎಂದರು ಸುರೈಯಾ. ಪ್ರತಾಪ ಸರ್ ಮಂಚದ ಪಕ್ಕ ನಿಂತಿದ್ದರು. ಡಾಕ್ಟರು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಕಣ್ಣು ನೆಡುವುದೇನು, ಮರೆಯುವುದೇನು, ಕಚ್ಚುವುದೇನು, ಯಾವುದೂ ಈ ಮಗುವಿನ ಕೈಯಲ್ಲಿಲ್ಲ, ಇದು ಬೇನೆ ಎಂದರು. ಸರ್ ಬಾಯಿಗೆ ಟವೆಲ್ಲು ಒತ್ತಿಕೊಂಡು ಹೊರಗೆ ಹೋದರು.

ಕಾವ್ಯಾ ಕೇಳಿಸಿಕೊಂಡಿದ್ದಳು. ಕೇಳಿದ್ದನ್ನು ಜೋಡಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

‘ಅವ್ವಾ, ನಾ ಬೇಕಂತ ಮಾಡತಿರಲಿಲ್ಲೇನ?’

‘ಇಲ್ಲ ನನ್ನವ್ವ.’

‘ಮತ್ತ ನಾ ದಿನಾ ತಪ್ಪಾತು ಅಂದೇನಲ್ಲ.’

ಚಂದ್ರಕಲಾ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹುಡುಗಿ ಮತ್ತೆ ಸುಮ್ಮನಾದಳು. ಈ ಸಲ ಕಣ್ಣು ಎಲ್ಲಿಯೂ ನೆಟ್ಟಿರಲಿಲ್ಲ, ತಾಯಿಯನ್ನೇ ನೋಡುತ್ತಿತ್ತು.

‘ನಿನಗ ಗೊತ್ತಿತ್ತೇನ?’

ಸುಳ್ಳು ಹೇಳಬಹುದಿತ್ತು. ಮೂರು ವರ್ಷದ ರೂಢಿ, ನಾಲಿಗೆ ತಾನಾಗಿಯೇ ಹೊರಳುತ್ತಿತ್ತು.

‘ಗೊತ್ತಿತ್ತವ್ವ,’ ಎಂದಳು ಚಂದ್ರಕಲಾ.

ಕಾವ್ಯಾ ಅಳಲಿಲ್ಲ, ಕಿರುಚಲಿಲ್ಲ, ಕಚ್ಚಲೂ ಇಲ್ಲ. ತಾಯಿಯ ಹಿಡಿತದಿಂದ ತನ್ನ ಕೈಯನ್ನು ಬಿಡಿಸಿಕೊಂಡು ಚಾದರದೊಳಗೆ ಇಟ್ಟುಕೊಂಡಳು.