ವಿಲೋ ಮರದ ಸೊರಗಿದ ಮಗ್ಗುಲು

"ಶೆಡ್ಡಿನ ಕೀಲಿಕೈ ಆ ಕಿಟಕಿ ಕಟ್ಟೆ ಮೇಲಿಡು. ಆಮೇಲೆ ಎಷ್ಟು ಬೇಕಾದ್ರೂ ಕೂಗಾಡು," ಎಂದ ಅಣ್ಣ.

ತಮ್ಮ ಇಟ್ಟ. ಇಟ್ಟ ಅನ್ನುವುದಕ್ಕಿಂತ ಕುಕ್ಕಿದ ಅನ್ನಬೇಕು. ಬಚ್ಚಲುಮನೆಯ ಕಿಟಕಿ ಅದುರಿತು. ಒಳಗೆ ಬಟ್ಟೆ ಹಿಂಡುತ್ತಿದ್ದ ಅತ್ತಿಗೆಯ ಸದ್ದು ನಿಂತಿತು.

ಹಿತ್ತಿಲ ನಡುವೆ ವಿಲೋ ಮರ, ಅರ್ಧ ತಲೆ ಬೋಳಿಸಿಕೊಂಡು ಕ್ಷೌರದಂಗಡಿಯಿಂದ ಎದ್ದುಬಂದವನ ಹಾಗೆ ನಿಂತಿತ್ತು. ಮನೆಯ ಕಡೆ ಕೊಂಬೆಗಳು ಬಿಚ್ಚಿದ ಜಡೆಯಂತೆ ನೆಲ ಗುಡಿಸುತ್ತಿದ್ದವು. ಶೆಡ್ಡಿನ ಕಡೆ ಬರೀ ಕಡ್ಡಿ. ಅಲ್ಲೊಂದು ಇಲ್ಲೊಂದು ಎಲೆ. ಆ ಶೆಡ್ಡಿನಲ್ಲಿ ತಮ್ಮ ಬ್ಯಾಟರಿ ರಿಪೇರಿ ಮಾಡುತ್ತಿದ್ದ. ಬ್ಯಾಟರಿ ಅಂದಮೇಲೆ ಆಸಿಡ್. ಆಸಿಡ್ ಅಂದಮೇಲೆ ತಪ್ಪು ಯಾರದೆಂದು ಕೇಳಬೇಕೆ? ಅಪ್ಪ ನೆಟ್ಟ ಮರ ಸಾಯುತ್ತಿದೆ, ಶೆಡ್ಡು ಇವತ್ತೇ ಖಾಲಿಯಾಗಬೇಕು ಎಂದು ಅಣ್ಣ ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಪು ಕೊಟ್ಟಿದ್ದ.

"ಖಾಲಿ ಮಾಡ್ತೀನಿ. ಆದ್ರೆ ಮರ ಕೊಂದವನು ಅನ್ನಿಸಿಕೊಂಡು ಹೋಗಲ್ಲ. ಮೊದಲು ಇದಕ್ಕೇನಾಗಿದೆ ನೋಡೋಣ."

"ನೀನೇನು ಮರದ ಡಾಕ್ಟರಾ? ಶಾಲೆಯಿಂದ ಅರ್ಧಕ್ಕೇ ಓಡಿಬಂದೋನು."

"ಪೂರ್ತಿ ಓದಿ ನೀನೇನು ಕಡಿದು ಗುಡ್ಡೆ ಹಾಕಿದೆ?"

"ಮೆತ್ತಗೆ ಬೈದಾಡ್ರೋ," ಎಂದಳು ಮೆಟ್ಟಿಲ ಮೇಲೆ ಕೂತಿದ್ದ ಅಮ್ಮ. "ಪಕ್ಕದ ಮನೆಯವನಿಗೆ ಪುಕ್ಕಟೆ ನಾಟಕ ಆಗೋಗಿದೆ." ಗೋಡೆಯಾಚೆ ಒಂದು ತಲೆ ಸರಕ್ಕನೆ ಕೆಳಗಿಳಿಯಿತು.

ತಮ್ಮ ಸೊರಗಿದ ಕೊಂಬೆಯೊಂದನ್ನು ಬಗ್ಗಿಸಿ ಉಗುರಿನಿಂದ ಕೆರೆದ. ತೊಗಟೆಯ ಕೆಳಗೆ ಹಸಿರಿತ್ತು. ಸತ್ತಿರಲಿಲ್ಲ. ಹಾರೆ ತಂದು ಅದರ ಬುಡ ಅಗೆದ. ನೆಲ ಒಣಗಿ ಕಲ್ಲಾಗಿತ್ತು, ಆದರೂ ಮೊಣಕೈ ಆಳದಲ್ಲಿ ಎರೆಹುಳು ಸಿಕ್ಕಿತು. ಬೇರು ಬೆಳ್ಳಗಿತ್ತು. ಶೆಡ್ಡಿನಿಂದ ಸೋಡಾ ಪುಡಿ ತಂದು ನೆನೆಸಿದ ಮಣ್ಣಿಗೆ ಉದುರಿಸಿದ. ಶೆಡ್ಡಿನ ನೆಲದಲ್ಲಿ ಆಸಿಡ್ ಚೆಲ್ಲಿದಾಗಲೆಲ್ಲ ಇದೇ ಪುಡಿ ಭುಸ್ಸೆಂದು ನೊರೆ ಎಬ್ಬಿಸುತ್ತಿತ್ತು. ಇಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

"ನೋಡು! ಕಣ್ಣು ಬಿಟ್ಟು ನೋಡು!"

"ನಿನ್ನದೇ ಸೋಡಾ, ನಿನ್ನದೇ ಸಾಕ್ಷಿ," ಎಂದ ಅಣ್ಣ. "ಕತ್ತಲಾಗೋದ್ರೊಳಗೆ ಸಾಮಾನು ಹೊರಗಿರಬೇಕು."

ತಮ್ಮನ ಮೈ ಉರಿದುಹೋಯಿತು. ಹಾರೆ ಎತ್ತಿ ಬಿಸಾಡಬೇಕೆಂದು ತಿರುಗಿದವನ ಮುಖಕ್ಕೆ ಮನೆಯ ಕಡೆಯ ಕೊಂಬೆಗಳು ಬಡಿದವು. ಎಲೆಗಳು ತಣ್ಣಗಿದ್ದವು. ತಿಂಗಳುಗಟ್ಟಲೆ ಮಳೆಯಿಲ್ಲ, ಊರಿನ ಗಿಡಗಳೆಲ್ಲ ಮುಖ ಬಾಡಿಸಿ ನಿಂತಿವೆ. ಇದಕ್ಕೆ ಮಾತ್ರ ಯಾರ ಮನೆಯ ಔತಣ?

"ಬೆಳಗಿಂದ ಈ ಕಡೆ ಯಾಕೆ ಸೊರಗಿದೆ ಅಂತ ಕಿತ್ತಾಡ್ತಿದ್ದೀವಿ," ಎಂದ, ತನಗೇ ಹೇಳಿಕೊಳ್ಳುವಂತೆ. "ಆ ಕಡೆ ಯಾಕೆ ಕೊಬ್ಬಿದೆ ಅಂತ ಯಾರೂ ಕೇಳ್ಲಿಲ್ಲ."

ಅವನು ಬಚ್ಚಲ ಗೋಡೆಯ ಹತ್ತಿರ ಹೋಗಿ ಹಾರೆ ಎತ್ತಿದ.

"ಅಲ್ಲಿ ಅಗೀಬೇಡ. ಬಚ್ಚಲ ಪೈಪಿದೆ." ಅಣ್ಣನ ದನಿ ಬದಲಾಗಿತ್ತು.

"ಗೊತ್ತು. ಆವತ್ತು ಪೈಪಿಗೆ ಗುಂಡಿ ತೋಡಿದ್ದು ಈ ಕೈಯೇ ಅಲ್ವಾ?"

ಮಣ್ಣು ಕರಿ ಹಿಟ್ಟಿನ ಹಾಗೆ ಹಾರೆಗೆ ಮೆತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಕೆಂಪು ಬೇರುಗಳು ಕಂಡವು, ಕೂದಲಿನಂತೆ ಸಣ್ಣವು. ಹಗ್ಗದಂತೆ ಹೊಸೆದುಕೊಂಡು ಪೈಪಿನ ಜಾಯಿಂಟಿಗೆ ಸುತ್ತಿ, ಅದರ ಬಾಯೊಳಗೇ ನುಗ್ಗಿದ್ದವು. ತಮ್ಮ ಚಾಕುವಿನಿಂದ ಅವನ್ನು ಕೊಯ್ದು, ಅಂಗೈಯಿಂದ ಕೆಸರು ಒರೆಸಿದ. ಕೆಳಗೆ ನೀಲಿ ಗೆರೆ.

ಅದು ಅಣ್ಣನ ಗೆರೆ. ಅಣ್ಣ ಊರಿಗೆಲ್ಲ ಪೈಪು ಜೋಡಿಸುವವನು. ಅಂಟಿಸುವ ಸೊಲ್ಯೂಷನ್ ಹಚ್ಚುವ ಮೊದಲು ಪೈಪು ಎಷ್ಟು ಒಳಗೆ ಹೋಗಬೇಕೋ ಅಲ್ಲಿಗೊಂದು ಗೆರೆ ಎಳೆಯುತ್ತಿದ್ದ. ಗೆರೆ ಜಾಯಿಂಟಿನ ಅಂಚು ಮುಟ್ಟಿದರೆ ಪೈಪು ಕೂತಿತು. ಮುಟ್ಟದಿದ್ದರೆ ಕಿತ್ತು ಮತ್ತೆ ಜೋಡಿಸು. ತಮ್ಮನಿಗೆ ಕೆಲಸ ಕಲಿಸಿದಾಗ ತಲೆಗೆ ಮೊಟಕಿ ಹೇಳಿಕೊಟ್ಟಿದ್ದ ಮೊದಲ ಪಾಠ. ಇಲ್ಲಿ ಗೆರೆ ಅಂಚಿಗೆ ಎರಡು ಬೆರಳು ದೂರದಲ್ಲೇ ನಿಂತಿತ್ತು. ಅಲ್ಲಿಂದ ಸೋರಿದ ಬಚ್ಚಲ ನೀರೇ ಮರದ ಈ ಮಗ್ಗುಲಿಗೆ ಔತಣ, ಶೆಡ್ಡಿನ ಮಗ್ಗುಲಿಗೆ ಬರೀ ಬರ.

ಊರಿಗೆಲ್ಲ ಪೈಪು ಹಾಕೋನ ಸ್ವಂತ ಮನೆ ಪೈಪು ನೋಡಿ ಬನ್ರಪ್ಪಾ! ಮಾತು ನಾಲಿಗೆಯ ತುದಿಗೆ ಬಂತು. ಗೋಡೆಯಾಚೆಯ ತಲೆಯೂ ಮತ್ತೆ ಮೇಲೆದ್ದಿತ್ತು. ಬಾಯಿ ತೆರೆದ.

ತೆರೆದ ಬಾಯಿ ಹಾಗೇ ಉಳಿಯಿತು. ಇಷ್ಟು ಉದ್ದದ ಪೈಪು ಒಬ್ಬನಿಂದ ಕೂರುವುದಿಲ್ಲ. ಒಬ್ಬ ಆ ತುದಿಗೆ ಒತ್ತು ಕೊಟ್ಟು ಕೂರಬೇಕು, ಇನ್ನೊಬ್ಬ ತಳ್ಳಬೇಕು. ಆ ತುದಿ ತನ್ನದಾಗಿತ್ತು. ಪೈಪು ಹಾಕಿದ ದಿನ ಇದೇ ಗುಂಡಿಯಲ್ಲಿ ಮಾತಿಗೆ ಮಾತು ಬೆಳೆದು, ತಮ್ಮ ಕೈಲಿದ್ದ ಪಾನಾ ಬಿಸಾಡಿ, "ನಿನ್ನ ಕೆಲಸ ನೀನೇ ಮಾಡ್ಕೊಂಡು ಸಾಯಿ" ಎಂದು ಮೇಲೆ ಹಾರಿ ಹೋಗಿದ್ದ. ಮತ್ತೆ ಪೈಪು ಮುಟ್ಟಿರಲಿಲ್ಲ. ಬ್ಯಾಟರಿ ಹಿಡಿದ.

ಅಣ್ಣ ಗುಂಡಿಗೆ ಇಳಿದು ಗೆರೆಯ ಮೇಲೆ ಬೆರಳಿಟ್ಟ. ಕತ್ತಿನ ನರ ಉಬ್ಬಿತ್ತು. ತಮ್ಮನ ಮುಖ ನೋಡಿದ. ಅಲ್ಲಿ ಏನು ಕಂಡನೋ, ತಲೆ ತಗ್ಗಿಸಿದ.

"ನೀರು ಬಿಡ್ಲಾ?" ಅತ್ತಿಗೆ ಒಳಗಿನಿಂದ ಕೂಗಿದಳು.

"ಬೇಡ!" ಇಬ್ಬರೂ ಒಟ್ಟಿಗೆ ಚೀರಿದರು.

ಗೋಡೆಯಾಚೆ ಯಾರೋ ಕಿಸಕ್ಕನೆ ನಕ್ಕರು. ಇವರಿಬ್ಬರೂ ನಗಲಿಲ್ಲ.

"ಬೇರು ಕೊಯ್ದುಬಿಟ್ರೆ ಈ ಕಡೆನೂ ಸೊರಗಲ್ವೇನೋ?" ಎಂದಳು ಅಮ್ಮ.

"ಸೊರಗುತ್ತೆ," ಎಂದ ತಮ್ಮ. "ಇನ್ಮೇಲೆ ಎರಡೂ ಕಡೆಗೆ ಮಳೆನೇ ಗತಿ."

ಅಣ್ಣ ಕೆಟ್ಟ ಜಾಯಿಂಟನ್ನು ಗರಗಸದಿಂದ ಕೊಯ್ದ. ಹೊಸ ತುಂಡು ತಂದ, ಅಳೆದ, ನೀಲಿ ಗೆರೆ ಎಳೆದ. ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದು, "ಶೆಡ್ಡಿನದು..." ಎಂದು ಶುರುಮಾಡಿ ನುಂಗಿಕೊಂಡ. ಆಮೇಲೆ ತಲೆ ಎತ್ತದೆಯೇ, "ಆ ತುದಿ ಹಿಡ್ಕೋ," ಎಂದ.

ತಮ್ಮ ಅಲ್ಲಾಡಲಿಲ್ಲ. ಹಾರೆಯ ಮೇಲಿನ ಅವನ ಬೆರಳುಗಳು ಬಿಳಿಚಿಕೊಂಡಿದ್ದವು. ಹಚ್ಚಿದ ಸೊಲ್ಯೂಷನ್ ಕಾಯುವುದಿಲ್ಲ, ಅದರ ಘಾಟು ಗುಂಡಿಯಲ್ಲಿ ತುಂಬಿಕೊಳ್ಳುತ್ತಿತ್ತು. ಅಣ್ಣ ಒಬ್ಬನೇ ಭುಜ ಕೊಟ್ಟು ತಳ್ಳತೊಡಗಿದ. ಪೈಪು ಹಿಂದಕ್ಕೆ ಜಾರಿತು.

ತಮ್ಮ ಹಾರೆ ಬಿಟ್ಟು ಕೆಸರಿಗೆ ಧುಮುಕಿ, ಎರಡೂ ಮೊಣಕಾಲಿನ ನಡುವೆ ಪೈಪಿನ ತುದಿ ಸಿಕ್ಕಿಸಿ ಒತ್ತಿಕೊಂಡ.

"ತಳ್ಳು."

ಗೆರೆ ಮೆಲ್ಲಗೆ ಸರಿಯಿತು. ಅಂಚು ಮುಟ್ಟಿತು.

"ಬಿಡಬೇಡ," ಎಂದ ಅಣ್ಣ ಹಲ್ಲು ಕಚ್ಚಿ. "ಅಂಟು ಹಿಡಿಯೋ ಮೊದ್ಲೇ ಬಿಟ್ರೆ ವಾಪಸ್ ಬರುತ್ತೆ."

"ಗೊತ್ತು."

ಇಬ್ಬರ ತಲೆಗಳೂ ತಾಗುವಷ್ಟು ಹತ್ತಿರವಿದ್ದವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೇಲೆ, ಕಿಟಕಿ ಕಟ್ಟೆಯಲ್ಲಿ, ಇಳಿಬಿದ್ದ ಒಂದು ಕೊಂಬೆ ಗಾಳಿಗೆ ತೂಗುತ್ತ ಕೀಲಿಕೈಯನ್ನು ಸವರಿತು, ಹಿಂದೆ ಸರಿಯಿತು, ಮತ್ತೆ ಸವರಿತು.